ಮೂಗೂರಿ ನಿಂತ ವಿಮಾನ

ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ವಿಮಾನ 1979ರಲ್ಲಿ ಮೊದಲು ಹಾರಿತು. ನಕ್ಷೆ ಕೊಂಡವರು ಮನೆಯ ಗ್ಯಾರೇಜಿನಲ್ಲೇ ಅದನ್ನು ಕಟ್ಟಿಕೊಂಡರು. ನಿಲ್ಲಿಸುವಾಗ ಮಾತ್ರ ಮುಂದಿನ ಚಕ್ರ ಮಡಚಿ ಮೂಗನ್ನು ನೆಲಕ್ಕೂರಬೇಕು. ಸಾಷ್ಟಾಂಗ ಹಾಕಲು ಹೋಗಿ ಅರ್ಧಕ್ಕೇ ಸೊಂಟ ಹಿಡಿದುಕೊಂಡ ಭಕ್ತನಂತೆ ಕಾಣುತ್ತದೆ. ಭಕ್ತಿಯಲ್ಲ ಮಾರಾಯರೆ, ಭಾರ! ಎಂಜಿನ್ ಹಿಂದೆ, ಚಾಲಕ ಮುಂದೆ. ಆತ ಇಳಿದನೋ, ಹಿಂದಕ್ಕೆ ಮಗುಚುವ ಭಯ.

ಈ ಭಾರದ ಲೆಕ್ಕವೇನೋ ಸುಲಭ. ಮೂರು ಚಕ್ರಗಳಡಿ ಮೂರು ತೂಕದ ಯಂತ್ರ. ಒಂದೊಂದು ತೂಕವನ್ನೂ ಗೊತ್ತುಮಾಡಿಕೊಂಡ ಒಂದು ಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಸಿಕ್ಕಿತು. ತೊಡಕೆಲ್ಲ ಕಟ್ಟಿದವನದು. ಬಣ್ಣ ಇನ್ನೊಂದು ಕೋಟ್ ಇರಲಿ ಅನ್ನುತ್ತಾನೆ, ಅದೂ ತೂಕವೇ. ತನ್ನ ತೂಕ ಕೇಳಿದರೆ ಮದುವೆಯಾದ ವರ್ಷದ್ದನ್ನು ಹೇಳುತ್ತಾನೆ. ಪಕ್ಕದಲ್ಲಿ ನಿಂತ ಹೆಂಡತಿ ಸುಮ್ಮನೆ ಕೆಮ್ಮುತ್ತಾಳೆ.