ಒಂಬತ್ತು ಗಜದ ಜಗಳ

ಅಮೆರಿಕದಲ್ಲಿ ಶನಿವಾರ ರಾತ್ರಿ ನಾಲ್ಕು ಕನ್ನಡ ಸಂಸಾರ ಊಟಕ್ಕೆ ಸೇರಿದರೆ ಮಾತಿಗೊಂದು ಕ್ರಮವಿದೆ. ಮೊದಲು ಗ್ರೀನ್ ಕಾರ್ಡ್, ಆಮೇಲೆ ಮನೆ ಸಾಲದ ಬಡ್ಡಿ. ಬಿಸಿಬೇಳೆಬಾತ್ ಎರಡನೇ ಸುತ್ತು ಬರುವ ಹೊತ್ತಿಗೆ ಇಂಗ್ಲಿಷ್ ನಾಣ್ಣುಡಿಗಳ ಜಾತಕ. ಕನ್ನಡ ಗಾದೆಗೆ ಯಾರೂ ಜಾತಕ ಕೇಳುವುದಿಲ್ಲ. ಅಜ್ಜಿ ಹೇಳಿದ್ದು ಅಂದರೆ ಮುಗಿಯಿತು.

ನ್ಯೂಜೆರ್ಸಿಯ ನಮ್ಮ ಬಳಗದಲ್ಲಿ ಈ ಖಾತೆ ಭಾವನವರದು. ಅವರ ಆಫೀಸಿನ ಮ್ಯಾನೇಜರ್, ಅಲ್ಲೇ ಹುಟ್ಟಿ ಬೆಳೆದ ಬಿಳಿಯ, ಒಮ್ಮೆ ಈಮೇಲ್‌ನಲ್ಲಿ ‘ಫಾರ್ ಆಲ್ ಇಂಟೆಂಟ್ಸ್ ಅಂಡ್ ಪರ್ಪಸಸ್’ ಎನ್ನುವ ಬದಲು ‘ಫಾರ್ ಆಲ್ ಇಂಟೆನ್ಸಿವ್ ಪರ್ಪಸಸ್’ ಎಂದು ಬರೆದುಬಿಟ್ಟ. ಅವತ್ತು ಅಕ್ಕನಿಂದ ಪಾಯಸ ಮಾಡಿಸಿದರು. “ಎಂಟನೇ ಹೆನ್ರಿ ಕಾಲದ ಕಾನೂನಿನ ಮಾತು ಕಣಯ್ಯಾ, ಇವನ ಕಿವಿಗೆ ಇನ್ನೂ ಬಿದ್ದಿಲ್ಲ!”

ಕಿವಿಗೆ ಬಿದ್ದದ್ದರಿಂದಲೇ ಎಡವಟ್ಟಾದದ್ದು. ಅವರು ಇಂಗ್ಲಿಷನ್ನು ತೊಟ್ಟಿಲಲ್ಲೇ ಕೇಳಿ ಕಲಿತವರು, ನಾವು ರೆನ್ ಅಂಡ್ ಮಾರ್ಟಿನ್ ಇಟ್ಟುಕೊಂಡು ಉರು ಹೊಡೆದವರು. ಅವರು ಬರೆಯುವಾಗ ಮುಗ್ಗರಿಸುತ್ತಾರೆ, ನಾವು ಕೇಳುವಾಗ. ಒಬ್ಬಾಕೆ ಓಕ್ ಮರದ ಕಾಯಿ ‘ಏಕಾರ್ನ್’ ಅನ್ನು ‘ಎಗ್ ಕಾರ್ನ್’ ಎಂದೇ ತಿಳಿದಿದ್ದಳಂತೆ. ಆ ಸಂಗತಿಯ ಮೇಲೆ 2003ರಲ್ಲಿ ಭಾಷಾಶಾಸ್ತ್ರಜ್ಞ ಜೆಫ್ರಿ ಪುಲ್ಲಮ್, ಇಂಥ ತಪ್ಪುಗಳ ಕುಲಕ್ಕೆಲ್ಲ ‘ಎಗ್‌ಕಾರ್ನ್’ ಎಂದೇ ಹೆಸರಿಟ್ಟರು. ತಪ್ಪಿಗೂ ನಾಮಕರಣ ಮಾಡುವ ಊರು ಇದು.

ಕೆಲವು ತಪ್ಪುಗಳಂತೂ ಸರಿಗಿಂತ ಸರಿ. ‘ಸ್ಕೇಪ್‌ಗೋಟ್’ ಅನ್ನು ‘ಎಸ್ಕೇಪ್ ಗೋಟ್’ ಎಂದ ನನ್ನ ಮಗಳನ್ನು ಭಾವ ಅರ್ಧ ಗಂಟೆ ಗೇಲಿ ಮಾಡಿದರು. ಆದರೆ 1530ರಲ್ಲಿ ಬೈಬಲ್ ಅನುವಾದಿಸುತ್ತ ವಿಲಿಯಂ ಟಿಂಡೇಲ್ ಆ ಪದ ಕಟ್ಟಿದ್ದೇ ತಪ್ಪಿಸಿಕೊಂಡು ಹೋಗುವ ಆಡು ಎಂಬ ಅರ್ಥದಲ್ಲಿ. ಊರಿನ ಪಾಪವನ್ನೆಲ್ಲ ಹೊರಿಸಿ ಕಾಡಿಗೆ ಬಿಡುವ ಆಡು ಅದು. ಇದನ್ನು ತೋರಿಸಿದ್ದೇ ಭಾವನವರಿಗೆ ಹಪ್ಪಳ ಬೇಕೆನಿಸಿತು, ಅಡುಗೆಮನೆಗೆ ಹೋದರು.

ಅವರನ್ನು ನಿಜಕ್ಕೂ ಸೋಲಿಸಿದ್ದು ಅಮ್ಮ. ಆರು ತಿಂಗಳಿಗೆಂದು ತೀರ್ಥಹಳ್ಳಿ ಕಡೆಯಿಂದ ಬಂದಿದ್ದಳು. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಬಗ್ಗೆ ಭಾವ ತಮ್ಮ ಮೆಚ್ಚಿನ ಕಥೆ ತೆಗೆದರು: ಹಿಂದೆ ಇಂಗ್ಲೆಂಡಿನಲ್ಲಿ ಹುಲ್ಲಿನ ಮಾಡು, ಬೆಚ್ಚಗಿರಲೆಂದು ಅದರ ಮೇಲೆ ನಾಯಿ ಬೆಕ್ಕು ಮಲಗುತ್ತಿದ್ದವು, ಮಳೆಗೆ ಜಾರಿ ಬೀಳುತ್ತಿದ್ದವು. 1999ರಲ್ಲಿ ಈಮೇಲ್‌ನಿಂದ ಈಮೇಲ್‌ಗೆ ಹಾರಿ ಲೋಕವನ್ನೆಲ್ಲ ನಂಬಿಸಿದ ಬುರುಡೆ ಇದು. ಅಮ್ಮ ಈಮೇಲ್ ಕಂಡವಳಲ್ಲ, ಸೋಗೆ ಮಾಡು ಕಂಡವಳು.

“ಅಳಿಯಂದಿರೇ, ನಮ್ಮ ಕೊಟ್ಟಿಗೆಗೂ ಸೋಗೆ ಮಾಡೇ ಇತ್ತು. ಮಳೆ ಹನಿ ಬಿದ್ರೆ ಬೆಕ್ಕು ಮೊದ್ಲು ಒಲೆ ಹತ್ರ ಬರುತ್ತೆ. ಮಾಡಿನ ಮೇಲೆ ಯಾಕೆ ಕೂತಿರುತ್ತೆ? ಇನ್ನು ನಾಯಿ ಅಲ್ಲಿಗೆ ಹತ್ತೋದಾದ್ರೂ ಹೇಗೆ? ನೀವೇ ಏಣಿ ಹಾಕಿಕೊಟ್ರಾ?”

ಜೊನಾಥನ್ ಸ್ವಿಫ್ಟ್ 1738ರ ಪುಸ್ತಕದಲ್ಲೇ ಈ ಮಾತು ಬಳಸಿದ್ದಾನೆ, ಆದರೆ ಆ ನಾಯಿ ಬೆಕ್ಕು ಎಲ್ಲಿಂದ ಬಂದವೆಂದು ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಮಾಡಿನಿಂದಲ್ಲ ಎಂಬಷ್ಟನ್ನು ಅಮ್ಮ ಮಜ್ಜಿಗೆ ಬಡಿಸುತ್ತಲೇ ತೀರ್ಮಾನಿಸಿದಳು.

ಭಾವ ಕೊನೆಯ ಅಸ್ತ್ರ ಬಿಟ್ಟರು. ‘ದ ಹೋಲ್ ನೈನ್ ಯಾರ್ಡ್ಸ್’, ಅಂದರೆ ಪೂರ್ತಿ, ಏನೂ ಬಾಕಿಯಿಲ್ಲದೆ. ಎರಡನೇ ಮಹಾಯುದ್ಧದ ವಿಮಾನಗಳ ಗುಂಡಿನ ಪಟ್ಟಿ 27 ಅಡಿ ಇತ್ತು ಎಂದು ಕೆಲವರು, ಕಾಂಕ್ರೀಟ್ ಲಾರಿಯ ಅಳತೆ ಎಂದು ಕೆಲವರು. “ಎಲ್ಲ ಸುಳ್ಳು,” ಎಂದರು ಭಾವ, “ಅದು ನಮ್ಮ ಅಜ್ಜಿಯರ ಒಂಬತ್ತು ಗಜದ ಕಚ್ಚೆ ಸೀರೆ. ಬ್ರಿಟಿಷರು ನೋಡಿ ಬೆರಗಾಗಿ ಕದ್ದರು.” ಕೊಹಿನೂರ್ ಕಳೆದುಕೊಂಡವರಿಗೆ ಇದೊಂದಾದರೂ ವಾಪಸ್ ಬೇಕಲ್ಲ, ಎಲ್ಲರೂ ತಲೆಯಾಡಿಸಿದರು.

“ಒಂಬತ್ತು ಗಜ ಅಂತ ನಮ್ಮಲ್ಲಿ ಯಾರು ಹೇಳ್ತಿದ್ರು?” ಎಂದಳು ಅಮ್ಮ. “ನಮ್ಮತ್ತೆ ಉಡ್ತಿದ್ದದ್ದು ಹದಿನೆಂಟು ಮೊಳದ ಸೀರೆ.”

ಅಷ್ಟರಲ್ಲಿ ಮಗಳು ಫೋನಿನಲ್ಲಿ ದಾಖಲೆ ತೆಗೆದಳು. ಸಿಕ್ಕಿರುವ ಹಳೆಯ ಬಳಕೆ 1907ರದು. ಇಂಡಿಯಾನಾದ ಮಿಚೆಲ್ ಎಂಬ ಪುಟ್ಟ ಊರಿನ ಪತ್ರಿಕೆಯಲ್ಲಿ, ಬೇಸ್‌ಬಾಲ್ ಪಂದ್ಯದ ಸುದ್ದಿಯಲ್ಲಿ. ಯುದ್ಧ ವಿಮಾನವೂ ಇಲ್ಲ, ಕಾಂಕ್ರೀಟೂ ಇಲ್ಲ, ಅಜ್ಜಿಯೂ ಇಲ್ಲ. 1912ರ ಕೆಂಟಕಿ ಪತ್ರಿಕೆಯೊಂದರಲ್ಲಂತೂ ‘ಹೋಲ್ ಸಿಕ್ಸ್ ಯಾರ್ಡ್ಸ್’ ಎಂದೇ ಇದೆ. ಒಂಬತ್ತಕ್ಕೆ ವಿಶೇಷ ಅರ್ಥವೇ ಇರಲಿಲ್ಲ, ಇಂಥ ಮಾತುಗಳಲ್ಲಿ ಅಂಕಿ ತಾನಾಗಿ ಉಬ್ಬುತ್ತದೆ ಎಂಬುದು ಯೇಲ್‌ನ ಫ್ರೆಡ್ ಶಪೀರೋ ಅವರ ಅಭಿಪ್ರಾಯ.

ಭಾವ ಕ್ಷಣಕಾಲ ಸುಮ್ಮನಿದ್ದರು. ಆಮೇಲೆ ಮುಖ ಅರಳಿತು. “ಆರು ಗಜ ಅಂದ್ರೆ ಮಾಮೂಲಿ ಸೀರೆ ಅಲ್ವೇನೋ!”

ಮುಂದಿನ ಕನ್ನಡ ಕೂಟದಲ್ಲಿ ಇವರು ವೇದಿಕೆ ಹತ್ತುವುದು ಖಚಿತ. ನೀವು ಸಭೆಯಲ್ಲಿದ್ದರೆ ದಯವಿಟ್ಟು ಮಿಚೆಲ್ ಊರಿನ ಹೆಸರೆತ್ತಿ. ಆದರೆ ಊಟ ಬಡಿಸಿದ ಮೇಲೆ ಎತ್ತಿ, ಕೇಟರಿಂಗ್ ಅವರೇ ಮಾಡಿಸುತ್ತಿದ್ದಾರೆ.