ಸಂಘಟಕಾಸ್ತಮಾನ: ಸಾಮೂಹಿಕ ಸೈಕಲ್ ಸವಾರಿಯಲ್ಲಿ ಕರ್ತೃ–ಭಾಗಿ ವಿಚಾರ

ಚಿತ್ರದುರ್ಗದ ಪಾಳೆಯಗಾರಿಕೆ 1779ರಲ್ಲಿ ಹೈದರಾಲಿಯ ಕೈಯಲ್ಲಿ ಮುಗಿಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಇದು ಅರ್ಧಸತ್ಯ. ಅದರ ಒಂದು ಕವಲು ಇನ್ನೂ ಉಸಿರಾಡುತ್ತಿದೆ. ಶನಿವಾರ ಬೆಳಗಿನ ಜಾವ ಐದೂವರೆಗೆ, ಗಾಳಿ ಹೊಡೆಯುವ ಪಂಪು ಹಿಡಿದು, ಸರ್ಕಲ್ಲಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ಶಾಸ್ತ್ರದಲ್ಲಿ ಅದಕ್ಕೆ 'ಸಂಘಟಕ' ಎಂದು ಹೆಸರು. ಮದಕರಿನಾಯಕನಿಗೆ ತ.ರಾ.ಸು. 'ದುರ್ಗಾಸ್ತಮಾನ' ಬರೆದುಕೊಟ್ಟರು. ಈತನ ಪಾಲಿಗೆ ಯಾರೂ ಬಾರದ್ದರಿಂದ ಪ್ರಸ್ತುತ ಪ್ರಬಂಧ.

ಮೊದಲು ಲಕ್ಷಣ. ಸವಾರಿಗೆ ತನ್ನ ಸೈಕಲ್ಲು ಮಾತ್ರ ತರುವವನು ಭಾಗಿ. ಮಿಕ್ಕಿದ್ದನ್ನೆಲ್ಲ ತರುವವನು ಕರ್ತೃ. ಲೇಖಕನು ಹನ್ನೊಂದು ವರ್ಷ ಭಾಗಿಯಾಗಿದ್ದು, ಒಂದೇ ಒಂದು ದಿನ ಕರ್ತೃವಾಗಿ ಕೆಟ್ಟವನು. ಆದ್ದರಿಂದ ಎರಡೂ ಪಕ್ಷದಲ್ಲಿ ಮಾತಾಡುವ ಅಧಿಕಾರ ಅವನಿಗಿದೆ.

ಕರ್ತೃವಿನ ಮೊದಲ ಕಷ್ಟ ವ್ಯಾಕರಣದ್ದು. ಶುಕ್ರವಾರ ರಾತ್ರಿ ವಾಟ್ಸಾಪಿನಲ್ಲಿ ಬೀಳುವ "ಬರ್ತೀನಿ" ಎಂಬ ಕ್ರಿಯಾಪದವನ್ನು ಪರೀಕ್ಷಿಸಿ. ರೂಪದಲ್ಲಿ ನಿಶ್ಚಯ, ಅರ್ಥದಲ್ಲಿ 'ಬಂದೇನು' ಎಂಬ ಸಂಭಾವನೆ, ಫಲದಲ್ಲಿ 'ಬಾರೆನು' ಎಂಬ ನಿಷೇಧ. ಒಂದೇ ಪದ ಮೂರು ವೇಷ ಕಟ್ಟುವ ಈ ವಿಶೇಷಕ್ಕೆ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರವಿಲ್ಲ. ಆತನಿಗೆ ಸೈಕಲ್ ಗೆಳೆಯರಿರಲಿಲ್ಲ. ಇನ್ನು ಪದವನ್ನೇ ಬರೆಯದೆ ಹೆಬ್ಬೆರಳಿನ ಚಿತ್ರ ಒತ್ತುವವರು. ನಮ್ಮ ತಾತಂದಿರ ಸಾಲಪತ್ರಗಳಲ್ಲೂ ಹೆಬ್ಬೆಟ್ಟು ಇತ್ತು. ಪತ್ರದೊಳಗೆ ಏನಿದೆಯೆಂದು ಒತ್ತಿದವನಿಗೆ ಆಗಲೂ ತಿಳಿಯದು, ಈಗಲೂ ತಿಳಿಯದು. ನನ್ನ ಸವಾರಿಗೆ ಬಿದ್ದ ಹೆಬ್ಬೆಟ್ಟು 23, ಬಂದ ತಲೆ 6.

ಆ ಆರು ತಲೆಯೂ ಒಟ್ಟಿಗೆ ಬರಲಿಲ್ಲ. ಇಲ್ಲಿ ಸ್ಥಳಪುರಾಣ ನೆರವಿಗೆ ಬರುತ್ತದೆ. ಕಿಂಡಿಯ ಪಕ್ಕ ಒನಕೆ ಹಿಡಿದ ಓಬವ್ವ, ಒಂದೊಂದೇ ತಲೆ ತೂರಿ ಬರುವುದನ್ನು ಕಾದು ನಿಂತ ಭಂಗಿಯಿದೆಯಲ್ಲ, ಆರು ಗಂಟೆಯ ಸಂಘಟಕನದೂ ಅದೇ. ಆಯುಧ ಬೇರೆ, ಅಷ್ಟೆ. (ಒನಕೆಯೇ ಇದ್ದಿದ್ದರೆ ಎಂದು ಆರೂ ಇಪ್ಪತ್ತಕ್ಕೆ ಅನ್ನಿಸಿದ್ದು ನಿಜ.) ಹಿರಿಯೂರಿನ ಬಳಿಯ ವಾಣಿ ವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ 2022ರಲ್ಲಿ, ನಡುವೆ 89 ವರ್ಷ. ಹೇಳಿದ ಹೊತ್ತಿಗೆ ಎಲ್ಲರೂ ಸೇರಿದ ಸವಾರಿಯನ್ನು ನೋಡಬೇಕೆನ್ನುವವರು ಇದೇ ಲೆಕ್ಕದಲ್ಲಿ ಆಯುಸ್ಸು ಬೇಡಿಕೊಳ್ಳತಕ್ಕದ್ದು.

ಅಂತೂ ಹೊರಟೆವು. ದಾರಿ ಹೊಳಲ್ಕೆರೆಯದು. ಆಚೆ ಹೊಸದುರ್ಗದವರೆಗೆ ಹೋಗುವ ಸಂಕಲ್ಪವೂ ಇತ್ತು. ಅದು ಮೊದಲ ಟೀ ಅಂಗಡಿಯಲ್ಲೇ ತೀರಿಕೊಂಡಿತು. ಆಷಾಢದ ಪಡುವಣ ಗಾಳಿ ಎದುರಿಗೆ. ದುರ್ಗದ ಸುತ್ತಿನ ಗುಡ್ಡಗಳ ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆಯೋ ಗಾಳಿ ಆ ಕಡೆಯದು. ಅವತ್ತು ಅವೂ ನಾವೂ ಒಂದೇ ಕಡೆ ನೋಡುತ್ತಿದ್ದೆವು. ಅವಕ್ಕೆ ಕರೆಂಟು ಹುಟ್ಟುತ್ತಿತ್ತು, ನಮಗೆ ಬೆವರು. ಮುಂದಿನವನ ಬೆನ್ನಿಗಂಟಿ ತುಳಿಯುವವನಿಗೆ ಶ್ರಮ ಎಷ್ಟೋ ಕಡಿಮೆ ಎಂಬುದು ಸೈಕಲ್ ವಿಜ್ಞಾನ ಒಪ್ಪಿದ ಮಾತು. ಮುಂದೆ ಯಾರಿರಬೇಕೆಂದು ವಿಜ್ಞಾನ ಹೇಳುವುದಿಲ್ಲ; ಭಾಗಿಗಳು ಹೇಳುತ್ತಾರೆ. "ದಾರಿ ನಿನಗೇ ತಾನೆ ಗೊತ್ತಿರೋದು, ನಡಿ ಮಾರಾಯ." ದಾರಿಯೋ, ನೆಟ್ಟಗೆ ಒಂದೇ ರಸ್ತೆ.

ಗಣಪತಿಯೆಂದರೆ ಗಣಗಳ ಒಡೆಯ, ಅರ್ಥಾತ್ ಮೊಟ್ಟಮೊದಲ ಗ್ರೂಪ್ ಅಡ್ಮಿನ್. ಹೊಳಲ್ಕೆರೆಯಲ್ಲಿ ಅವನು ಬಯಲು ಗಣಪತಿ. ಆ ಹುದ್ದೆಗೆ ಸಿಗುವ ವಸತಿ ಸೌಕರ್ಯ ಅಷ್ಟೇ ಎಂದು ವಿವರಿಸುವ ಟಿಪ್ಪಣಿಯೊಂದನ್ನು ಅಲ್ಲಿಯೇ ಕೂತು ಬರೆಯುವವನಿದ್ದೆ. ಆದರೆ ನಾವು ಅಲ್ಲಿಗೆ ತಲುಪಲಿಲ್ಲ. ನಡುದಾರಿಯಲ್ಲಿ ನನ್ನ ಇಪ್ಪತ್ತೊಂದು ಗೇರಿನ ಸೈಕಲ್ಲಿನ ಚೈನು ಕಳಚಿ ಸಿಕ್ಕಿಹಾಕಿಕೊಂಡಿತು. ಭಾಗಿಗಳು ಸುತ್ತ ನಿಂತು ಆರು ಅಭಿಪ್ರಾಯ ಕೊಟ್ಟರು.

ಆಗ ಹಿಂದಿನಿಂದ ಬೆಲ್ಲಿನ ಸದ್ದು. ಸರ್ಕಾರ 2006–07ರಿಂದ ಎಂಟನೇ ತರಗತಿಯವರಿಗೆ ಕೊಡಲು ಶುರು ಮಾಡಿತಲ್ಲ, ಅಂಥ ಸೈಕಲ್ಲುಗಳ ಮೇಲೆ ಒಂಬತ್ತು ಹುಡುಗಿಯರು. ಗೇರಿಲ್ಲ, ಹೆಲ್ಮೆಟ್ಟಿಲ್ಲ. ಎರಡು ಸೈಕಲ್ಲಿನ ಹಿಂದೆ ತಮ್ಮಂದಿರು. ಎದುರುಗಾಳಿಗೆ ಸರದಿಯ ಮೇಲೆ ಒಬ್ಬೊಬ್ಬಳು ಮುಂದಾಗುತ್ತಿದ್ದಳು.

"ಚೈನ್ ಬಿತ್ತಾ ಅಂಕಲ್?" ಒಬ್ಬಳು ಇಳಿದು, ಬೇಲಿಯಿಂದ ಕಡ್ಡಿ ಮುರಿದು, ಪೆಡಲ್ಲು ಹಿಂದಕ್ಕೆ ತಿರುಗಿಸಿ ಚೈನು ಕೂರಿಸಿಬಿಟ್ಟಳು. ನಾನು ಪಂಪನ್ನು ಕಂಕುಳಲ್ಲಿ ಇಟ್ಟುಕೊಂಡೇ ಕ್ಷೇತ್ರಕಾರ್ಯ ಆರಂಭಿಸಿದೆ.

"ನಿಮ್ಮ ಗುಂಪಿಗೆ ಲೀಡರ್ ಯಾರಮ್ಮ?"

"ಯಾರೂ ಇಲ್ಲ."

"ಮತ್ತೆ ಎಲ್ಲರನ್ನೂ ಯಾರು ಹೊರಡಿಸ್ಕಂಡು ಬರ್ತಾರೆ?"

ಅವಳು ಗ್ರೀಸಿನ ಕೈಯನ್ನು ಹುಲ್ಲಿಗೆ ಒರೆಸಿದಳು. "ಇವತ್ತು ಶನಿವಾರ ಅಲ್ವಾ ಅಂಕಲ್, ಎಂಟಕ್ಕೇ ಬೆಲ್ಲು" ಎಂದು ಹತ್ತಿ ಹೊರಟೇಬಿಟ್ಟಳು. ನಮ್ಮ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರ ಬೆನ್ನಿಗಂಟಿದರು. ಏಳನೆಯವನಾಗಿ ನಾನೂ.