ಒಗೆಯುವ ಫಿಲ್ಟರು: ಸಂಗನಕಲ್ಲಿನ ಗುಡ್ಡದಿಂದ ಒಂದು ಮೀಮಾಂಸೆ

ಒಗೆದು, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಬಳಸುವ ಪರ್ಫಾರ್ಮೆನ್ಸ್ ಏರ್ ಫಿಲ್ಟರ್ ಕೊಟ್ಟ ದುಡ್ಡಿಗೆ ತೂಗುತ್ತದೆಯೇ ಎಂಬ ಜಿಜ್ಞಾಸೆಯನ್ನು ವಿದ್ವಾಂಸರು ಈವರೆಗೆ ಗ್ಯಾರೇಜಿನಲ್ಲಿ ನಿಂತು ನಡೆಸಿದ್ದಾರೆಯೇ ಹೊರತು ಗುಡ್ಡ ಹತ್ತಿ ನಡೆಸಿಲ್ಲ. ಆ ಕೊರತೆ ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. 1872ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ, 1946ರಲ್ಲಿ ಬೆಂಡಪೂಡಿ ಸುಬ್ಬರಾವ್ ಅಗೆದ, ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಹಿರೇಗುಡ್ಡದ ಡಾಲರೈಟ್ ಕಲ್ಲನ್ನು ಕೊಡಲಿಯಾಗಿ ಕೆತ್ತಿ, ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಿದ್ದ ಕುಳಿಗಳು ಬಂಡೆಗಳ ಮೇಲೆ ಇನ್ನೂ ಇವೆ. ಮರುಬಳಕೆಯ ಪಕ್ಷದವರು ಇದನ್ನು ತಮ್ಮ ಸಾಕ್ಷಿಯೆಂದು ಎತ್ತಿಕೊಳ್ಳುವ ಮುನ್ನ ಒಂದು ಮಾತು: ಮಸೆದ ಕೊಡಲಿ ಮರ ಕಡಿಯುತ್ತಿತ್ತು. ಒಗೆದ ಫಿಲ್ಟರ್ ಏನು ಕಡಿಯುತ್ತದೆ ಎಂಬುದೇ ವಿವಾದ.

ಗಾಳಿ ಹೆಚ್ಚು, ಆದ್ದರಿಂದ ಶಕ್ತಿ ಹೆಚ್ಚು, ಮೈಲೇಜೂ ಹೆಚ್ಚು ಎಂಬುದು ಪೂರ್ವಪಕ್ಷ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕೆಂಬುದು ನಿಜ. ಆದರೆ ಪೆಟ್ರೋಲ್ ಎಂಜಿನ್ನಿನ ಉಸಿರು ಕಟ್ಟುವುದು ಫಿಲ್ಟರಲ್ಲ, ಅರ್ಧ ತೆರೆದ ಥ್ರಾಟಲ್. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಇಂಧನ ಇಂಜೆಕ್ಷನ್ನಿನ ಕಾರುಗಳಲ್ಲಿ ಕಟ್ಟಿಹೋದ ಫಿಲ್ಟರೂ ಮೈಲೇಜನ್ನು ಹೇಳಿಕೊಳ್ಳುವಷ್ಟು ಇಳಿಸಲಿಲ್ಲ. ಪಿಕಪ್ ಮಾತ್ರ ಕುಂದಿತು. ಕಟ್ಟಿದ್ದೇ ಕೆಡಿಸದ ಮೈಲೇಜನ್ನು ಬಿಚ್ಚಿದ್ದು ಹೇಗೆ ಹೆಚ್ಚಿಸೀತು? ಎಕ್ಸಿಲರೇಟರ್ ಪೂರ್ತಿ ತುಳಿದಾಗ ತುಸು ಲಾಭ ಇದ್ದೀತು. ಅದಿರು ಲಾರಿಯ ಹಿಂದೆ ತೆವಳುವ ಬಳ್ಳಾರಿಗನಿಗೆ ಆ ಯೋಗ ಎಲ್ಲಿಯದು!

ಇನ್ನು ಧೂಳಿನ ವಿಚಾರ. ಸಂಡೂರಿನ ಕೆಂಪು ಅದಿರು, ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಪುಡಿ, ಬೇಸಿಗೆಯಲ್ಲಿ ಎರೆಮಣ್ಣು: ಇಷ್ಟು ಧೂಳಿರುವ ಊರಲ್ಲಿ ಕಾಗದದ ಫಿಲ್ಟರ್ ಬೇಗ ಹಾಳಾಗುತ್ತದೆ, ಹಾಗಾಗಿ ಒಗೆಯುವುದರ ದುಡ್ಡು ಬೇಗ ಹುಟ್ಟುತ್ತದೆ ಎಂದು ಪ್ರತಿವಾದಿ ಹೇಳಬಹುದು. ಕಾಗದದ್ದು 400, ಒಗೆಯುವುದು ಕ್ಲೀನರ್, ಎಣ್ಣೆ ಸೇರಿ 6,400 ರೂಪಾಯಿ ಎಂದಿಟ್ಟುಕೊಂಡರೆ ಹದಿನಾರು ಕಾಗದ. ಹತ್ತು ಸಾವಿರ ಕಿಲೋಮೀಟರಿಗೊಂದರಂತೆ 1,60,000 ಕಿಲೋಮೀಟರ್. ಅಷ್ಟರಲ್ಲಿ ಗಾಡಿಯೇ ಕೈ ಬದಲಾಗಿರುತ್ತದೆ. ಅಲ್ಲದೆ ಗಾಳಿಗೆ ದಾರಿ ಬಿಟ್ಟ ಜಾಳು ಹತ್ತಿ ಸಣ್ಣ ಧೂಳಿಗೂ ದಾರಿ ಬಿಡುತ್ತದೆ. ಆ ಸವಕಳಿಯ ಬಿಲ್ಲು ಪಿಸ್ಟನ್ ರಿಂಗಿನ ಲೆಕ್ಕಕ್ಕೆ ಹೋಗುತ್ತದೆ. ಎಣ್ಣೆ ತುಸು ಜಾಸ್ತಿಯಾದರೆ ಅದರ ಜಿಡ್ಡು ಏರ್‌ಫ್ಲೋ ಸೆನ್ಸರಿನ ತಂತಿಗೂ ಮೆತ್ತಿಕೊಳ್ಳುತ್ತದೆ. ಮರುಬಳಕೆಯೇ ತಪ್ಪೆಂದಲ್ಲ. ಸಿರುಗುಪ್ಪದ ಭತ್ತದ ಗದ್ದೆಗಿಳಿಯುವ ಹಳೇ ಟ್ರ್ಯಾಕ್ಟರಿನ ಆಯಿಲ್ ಬಾತ್ ಕ್ಲೀನರನ್ನೇ ನೋಡಿ: ಬಟ್ಟಲಿನ ತಳದ ಕೆಸರು ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು, ಗೆರೆಯವರೆಗೆ ಆಯಿಲ್ ಹುಯ್ದರೆ ಮುಗಿಯಿತು. ಅದಕ್ಕೆ ಯಾರೂ ಪರ್ಫಾರ್ಮೆನ್ಸ್ ಎನ್ನಲಿಲ್ಲ, ಸ್ಟಿಕ್ಕರೂ ಅಂಟಿಸಲಿಲ್ಲ.

ಹಾಗಾದರೆ ಕೊಂಡವನಿಗೆ ದಕ್ಕುವುದೇನು? ಸದ್ದು. ಡಬ್ಬಿ ಕಿತ್ತು ಕೋನ್ ಫಿಲ್ಟರ್ ಹಾಕಿದ ಬೈಕು ಗಾಳಿ ಎಳೆಯುವಾಗ ಗುರ್ರೆನ್ನುತ್ತದೆ. ಸವಾರನ ಕಿವಿ ಅದನ್ನೇ ವೇಗವೆಂದು ನಂಬುತ್ತದೆ. ಸದ್ದೇ ಪುರುಷಾರ್ಥವಾದರೆ ಅದಕ್ಕೂ ಹಿರೇಗುಡ್ಡದಲ್ಲೇ ಪರಿಹಾರವಿದೆ. ಎತ್ತುಗಳ ಚಿತ್ರ ಕೊರೆದ ಅಲ್ಲಿನ ಕೆಲವು ಬಂಡೆಗಳು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ. ಎಣ್ಣೆ ಬೇಡ, ಒಗೆಯುವುದೂ ಬೇಡ. ಬಂಡೆಯನ್ನು ಬೈಕಿಗೆ ಕಟ್ಟಿಕೊಂಡು ತಿರುಗಲಾಗದು ಎಂಬ ಆಕ್ಷೇಪ ಸಾಧುವೇ. ಆದರೆ ಸಂಗನಕಲ್ಲು ಬಳ್ಳಾರಿಯಿಂದ ಹತ್ತು ಕಿಲೋಮೀಟರಿನೊಳಗೇ ಇದೆ. ಕಾಗದದ ಫಿಲ್ಟರಿನಲ್ಲೇ ಹೋಗಿಬರಬಹುದು.